ಉಕ್ಕಿನ ಸಾಧಕ ಬೆಂಜಮಿನ್ ಹಂಟ್ಸ್‌ಮನ್

ಹರಿತವಾದ ಚಾಕುವೊಂದನ್ನು ಕಂಡಾಗ ಅದನ್ನು ಮಾಡಿದವನ ಕೈಗುಣವನ್ನು ಕೊಂಡಾಡುವುದು ಲೋಕರೂಢಿ. ಆ ಕೈಗುಣವು ಜನ್ಮತಃ ಬಂದುದೋ, ಅಭ್ಯಾಸದಿಂದ ಸಿದ್ಧಿಸಿದುದೋ ಎಂಬ ಜಿಜ್ಞಾಸೆ ಹಳೆಯದು. ನಮ್ಮ ಆಲಂಕಾರಿಕರು ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂಬ ಮೂರನ್ನೂ ಕಾವ್ಯಕ್ಕೆ ಹೇತುಗಳೆಂದು ಎಣಿಸಿದರು. ಈ ಮಾತು ಕುಲುಮೆಯ ಕೆಲಸಕ್ಕೂ ಸಲ್ಲುವುದೆಂಬುದಕ್ಕೆ ಇಂಗ್ಲೆಂಡಿನ ಬೆಂಜಮಿನ್ ಹಂಟ್ಸ್‌ಮನ್ನನ ಬಾಳು ನಿದರ್ಶನವಾಗಿದೆ.

1704ರಲ್ಲಿ ಲಿಂಕನ್‌ಷೈರ್ ಪ್ರಾಂತದ ಕ್ವೇಕರ್ ಪಂಥದ ಕುಟುಂಬವೊಂದರಲ್ಲಿ ಜನಿಸಿದ ಈತನು ಡಾನ್‌ಕಾಸ್ಟರ್ ಪಟ್ಟಣದಲ್ಲಿ ಗಡಿಯಾರ ತಯಾರಕನಾದನು. ಬೀಗ, ಉಪಕರಣ ಯಾವುದೇ ಕೆಟ್ಟರೂ ಜನರು ಇವನ ಬಳಿಗೇ ತರುತ್ತಿದ್ದರು. ಕಣ್ಣುಬೇನೆಗೂ ಹಣ ಪಡೆಯದೆ ಚಿಕಿತ್ಸೆ ಮಾಡುತ್ತಿದ್ದನೆಂದು ಹೇಳುತ್ತಾರೆ. ಇಂತಹ ಕುಶಲನಿಗೂ ಗಡಿಯಾರದ ಸ್ಪ್ರಿಂಗುಗಳು ತೃಪ್ತಿ ಕೊಡಲಿಲ್ಲ. ದೋಷವು ಕೈಯಲ್ಲಿರದೆ ಲೋಹದಲ್ಲಿದೆಯೆಂಬುದನ್ನು ಅವನು ಅರಿತನು. ಅಂದು ಕಬ್ಬಿಣದ ಸರಳುಗಳನ್ನು ಇದ್ದಿಲಿನಲ್ಲಿ ಹುದುಗಿಸಿ ದಿನಗಟ್ಟಲೆ ಕಾಯಿಸಿ ಉಕ್ಕು ಮಾಡುತ್ತಿದ್ದರು. ಇಂಗಾಲವು ಹೊರಮೈಗೆ ಹೆಚ್ಚಾಗಿ, ಒಳಮೈಗೆ ಕಡಿಮೆಯಾಗಿ ಸೇರುತ್ತಿದ್ದುದರಿಂದ ಉಕ್ಕಿನ ಗುಣವು ಏಕರೂಪವಾಗಿರುತ್ತಿರಲಿಲ್ಲ.

ಉಕ್ಕನ್ನು ಪೂರ್ಣವಾಗಿ ಕರಗಿಸಿದರೆ ಈ ದೋಷ ನೀಗುವುದೆಂದು ಅವನಿಗೆ ಹೊಳೆಯಿತು. ಹೊಳೆದುದು ಪ್ರತಿಭೆ, ಸಾಧಿಸಿದುದು ಅಭ್ಯಾಸ. 1740ರ ಸುಮಾರಿಗೆ ಶೆಫೀಲ್ಡ್ ಸಮೀಪದ ಹ್ಯಾಂಡ್ಸ್‌ವರ್ತ್‌ಗೆ ಬಂದು ಪ್ರಯೋಗಕ್ಕೆ ತೊಡಗಿದನು. ಸುಮಾರು 1600 ಡಿಗ್ರಿ ಸೆಲ್ಸಿಯಸ್ ತಾಪವನ್ನು ಕೊಡುವ ಕೋಕ್ ಕುಲುಮೆಯೂ, ಅದನ್ನು ತಾಳುವ ಜೇಡಿಮಣ್ಣಿನ ಮೂಸೆಯೂ ಬೇಕಾಗಿದ್ದವು. ಅವನು ಹೂತಿಟ್ಟಿದ್ದ ಕೆಟ್ಟ ಉಕ್ಕಿನ ಗಟ್ಟಿಗಳು ಬಹುಕಾಲದ ಮೇಲೆ ಅವನ ಕಾರ್ಯಾಗಾರದ ನೆಲದಲ್ಲಿ ದೊರೆತವೆಂಬ ಪ್ರತೀತಿಯುಂಟು. ಆ ಮೌನವಾದ ಗಟ್ಟಿಗಳೇ ಅವನ ನಿಜವಾದ ಗುರುಗಳು.

ಮೂಸೆಯಲ್ಲಿ ಕರಗಿದ ಉಕ್ಕು ಏಕರೂಪವಾಗಿಯೂ ಗಡುಸಾಗಿಯೂ ಬಂದಿತು. ಆದರೆ ವಿಧಿಯ ವಿಡಂಬನೆಯೆಂಬಂತೆ ಶೆಫೀಲ್ಡಿನ ಚಾಕು ತಯಾರಕರೇ ಅದನ್ನು ತಿರಸ್ಕರಿಸಿದರು. ವರ್ಷಾನುಗಟ್ಟಲೆ ಶಿಷ್ಯವೃತ್ತಿ ಮಾಡಿ ಕಲಿತ ಅವರ ಕೈಗಳು ಮೆದು ಉಕ್ಕಿಗೆ ಒಗ್ಗಿಹೋಗಿದ್ದವು. ಸುತ್ತಿಗೆಗೆ ಸುಲಭವಾಗಿ ಮಣಿಯದ ಹೊಸ ಲೋಹ ಅವರಿಗೆ ಬೇಡವಾಯಿತು. ಕಲಿತ ವಿದ್ಯೆಯೇ ಹೊಸ ಕಲಿಕೆಗೆ ಅಡ್ಡಿಯಾಯಿತು. ಹಂಟ್ಸ್‌ಮನ್ನನು ತನ್ನ ಉಕ್ಕನ್ನು ಫ್ರಾನ್ಸಿಗೆ ಮಾರಿದನು. ಅಲ್ಲಿನ ಶ್ರೇಷ್ಠ ಅಲಗುಗಳು ಪೇಟೆಯಲ್ಲಿ ಸ್ಪರ್ಧೆಗಿಳಿದ ಮೇಲೆಯೇ ಶೆಫೀಲ್ಡಿನವರ ಕಣ್ಣು ತೆರೆಯಿತು.

ದಕ್ಷಿಣ ಭಾರತದಲ್ಲಿ, ನಮ್ಮ ಕನ್ನಡನಾಡಿನಲ್ಲಿಯೂ, ಮೂಸೆಯಲ್ಲಿ ಉಕ್ಕು ಮಾಡುವ ಬೇರೊಂದು ವಿಧಾನ ಶತಮಾನಗಳ ಹಿಂದೆಯೇ ರೂಢಿಯಲ್ಲಿತ್ತು. ಯುರೋಪಿನವರು ಅದನ್ನು ಕರೆದ ವೂಟ್ಜ್ ಎಂಬ ಹೆಸರು ಕನ್ನಡದ ಉಕ್ಕು ಶಬ್ದದಿಂದಲೇ ಬಂದಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ನಮ್ಮ ಕಮ್ಮಾರರ ವಿದ್ಯೆಯೂ ತಲೆಮಾರುಗಳ ಅಭ್ಯಾಸದಿಂದ ಪಕ್ವವಾದುದೇ.

ತನ್ನ ವಿಧಾನಕ್ಕೆ ಹಂಟ್ಸ್‌ಮನ್ನನು ಪೇಟೆಂಟ್ ಪಡೆಯಲಿಲ್ಲ. 1776ರಲ್ಲಿ ಅವನು ತೀರಿಕೊಂಡನು. ಪ್ರತಿಭೆಯಿದ್ದೂ ಸೋಲಿಗೆ ಅಂಜುವವನು ದಡ ಸೇರಲಾರನು. ಅಭ್ಯಾಸವಿದ್ದೂ ಹೊಸತಕ್ಕೆ ಮನಸ್ಸು ಮುಚ್ಚಿದವನು ಇದ್ದಲ್ಲಿಯೇ ಉಳಿಯುವನು. ಮಕ್ಕಳ ಕೈಯಲ್ಲಿ ಕೆಟ್ಟ ಮೊದಲ ಕೆಲಸವನ್ನು ಸಹನೆಯಿಂದ ನೋಡಬಲ್ಲ ಗುರುವಿಗೆ ಈ ಸಾಧಕನ ಬಾಳು ಸದಾ ಸ್ಮರಣೀಯ.