ಬಿಡಿಸಲಾಗದ ಪಝಲ್‌ಗೆ 1000 ಡಾಲರ್ ಬಹುಮಾನ ಇಟ್ಟ ಸ್ಯಾಮ್ ಲಾಯ್ಡ್: ನಿಜ ಏನು, ಸುಳ್ಳು ಏನು?

ಚೌಕದ ಪೆಟ್ಟಿಗೆಯೊಳಗೆ 1ರಿಂದ 15ರವರೆಗಿನ ಬಿಲ್ಲೆಗಳು, ಒಂದು ಖಾಲಿ ಜಾಗ. ಬಿಲ್ಲೆ ಸರಿಸುತ್ತಾ ಅಂಕಿಗಳನ್ನು ಕ್ರಮವಾಗಿ ಜೋಡಿಸಬೇಕು. ಪ್ಲಾಸ್ಟಿಕ್ ಆಟಿಕೆಯಾಗಿಯೋ ಮೊಬೈಲ್ ಗೇಮ್ ಆಗಿಯೋ ನೀವೂ ಇದನ್ನು ಆಡಿರಬಹುದು. ಇದನ್ನು ಕಂಡುಹಿಡಿದವರು ಅಮೆರಿಕದ ಸ್ಯಾಮ್ ಲಾಯ್ಡ್ ಎಂಬ ಮಾತು ನೂರು ವರ್ಷಗಳಿಂದ ಓಡಾಡುತ್ತಿದೆ. ಅದು ಸುಳ್ಳು.

ಯಾರು ಈ ಲಾಯ್ಡ್?

1841ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿ ನ್ಯೂಯಾರ್ಕ್‌ನಲ್ಲಿ ಬೆಳೆದ ಲಾಯ್ಡ್, ಹದಿಹರೆಯದಲ್ಲೇ ಚೆಸ್ ಸಮಸ್ಯೆಗಳನ್ನು ರಚಿಸಿ ಹೆಸರು ಮಾಡಿದರು. ಮುಂದೆ ಪಝಲ್‌ಗಳೇ ಅವರ ಜೀವನೋಪಾಯವಾದವು. 1896ರಲ್ಲಿ ಅವರು ತಂದ ಒಂದು ಕಾಗದದ ಚಕ್ರ ತಿರುಗಿಸಿದರೆ, ಚಿತ್ರದಲ್ಲಿದ್ದ 13 ಜನ 12 ಆಗಿಬಿಡುತ್ತಿದ್ದರು!

ಪ್ರತಿಭೆಯ ಜೊತೆಗೆ ಕಥೆ ಕಟ್ಟುವ ಚಟವೂ ಇತ್ತು. 1903ರಲ್ಲಿ ಟ್ಯಾಂಗ್ರಾಮ್ ಆಟಕ್ಕೆ 4000 ವರ್ಷಗಳ ಇತಿಹಾಸವಿದೆ ಎಂದು ಪುಸ್ತಕ ಬರೆದರು. ಆ ಇತಿಹಾಸ ಅವರದೇ ಕಲ್ಪನೆ. ಆದರೂ ಹಲವರು ನಂಬಿದರು.

15ರ ಪಝಲ್ ಯಾರದು?

ನ್ಯೂಯಾರ್ಕ್ ರಾಜ್ಯದ ಕ್ಯಾನಸ್ಟೋಟಾ ಎಂಬ ಊರಿನ ಪೋಸ್ಟ್‌ಮಾಸ್ಟರ್ ನೋಯ್ಸ್ ಚಾಪ್‌ಮನ್ ಅವರದು. 1880ರಲ್ಲಿ ಈ ಆಟ ಅಮೆರಿಕ, ಯುರೋಪ್‌ಗಳಲ್ಲಿ ಹುಚ್ಚಿನಂತೆ ಹಬ್ಬಿತು. ಅದೇ ವರ್ಷ ಚಾಪ್‌ಮನ್ ಪೇಟೆಂಟ್‌ಗೆ ಅರ್ಜಿ ಹಾಕಿದರೂ ಸಿಗಲಿಲ್ಲ. ಲಾಯ್ಡ್ ಇದು ತಮ್ಮದೆಂದು ಹೇಳತೊಡಗಿದ್ದು 1891ರಲ್ಲಿ. 1911ರಲ್ಲಿ ಸಾಯುವವರೆಗೂ ಹೇಳುತ್ತಲೇ ಇದ್ದರು. ಜೆರ್ರಿ ಸ್ಲೋಕಮ್ ಮತ್ತು ಡಿಕ್ ಸೊನ್ನೆವೆಲ್ಡ್ ಹಳೆಯ ದಾಖಲೆಗಳನ್ನು ಹುಡುಕಿ 2006ರಲ್ಲಿ ಪುಸ್ತಕ ತಂದಾಗ ಸತ್ಯ ಹೊರಬಿತ್ತು.

ಬಹುಮಾನದ ಗುಟ್ಟು

14 ಮತ್ತು 15 ಮಾತ್ರ ಅದಲುಬದಲಾಗಿರುವ ಪಝಲ್ ಬಿಡಿಸಿದವರಿಗೆ 1000 ಡಾಲರ್ ಎಂದು ಲಾಯ್ಡ್ ಘೋಷಿಸಿದ್ದರು. ಅದು ಅಸಾಧ್ಯ ಎಂದು ಗಣಿತಜ್ಞರಾದ ಜಾನ್ಸನ್ ಮತ್ತು ಸ್ಟೋರಿ 1879ರಲ್ಲೇ ತೋರಿಸಿದ್ದರು. ಹಾಗಾಗಿ ಹಣ ಕೊಡುವ ಪ್ರಸಂಗವೇ ಬರುವಂತಿರಲಿಲ್ಲ.

ಏಕೆ ಅಸಾಧ್ಯ? ಪ್ರತಿ ನಡೆಯಲ್ಲೂ ಒಂದು ಬಿಲ್ಲೆ ಖಾಲಿ ಜಾಗದ ಜೊತೆ ಅದಲುಬದಲಾಗುತ್ತದೆ. ಖಾಲಿ ಜಾಗ ತನ್ನ ಮೂಲೆಗೆ ಮರಳಬೇಕಾದರೆ ಎಡಕ್ಕೆ ಹೋದಷ್ಟೇ ಸಲ ಬಲಕ್ಕೆ, ಮೇಲೆ ಹೋದಷ್ಟೇ ಸಲ ಕೆಳಗೆ ಬರಬೇಕು. ಅಂದರೆ ಒಟ್ಟು ನಡೆಗಳು ಯಾವಾಗಲೂ ಸಮಸಂಖ್ಯೆ. ಆದರೆ 14 ಮತ್ತು 15ನ್ನು ಮಾತ್ರ ಅದಲುಬದಲು ಮಾಡಲು ಬೆಸಸಂಖ್ಯೆಯ ನಡೆಗಳು ಬೇಕು. ಎರಡೂ ಒಟ್ಟಿಗೆ ಆಗದು.

ಮೂರು ಆಯಾಮದಲ್ಲೂ ಇದೇ ಲೆಕ್ಕ

ಡಬ್ಬಿಯೊಳಗೆ ಪುಟ್ಟ ಘನಗಳನ್ನು ಮೇಲೆ-ಕೆಳಗೆ, ಎಡ-ಬಲ, ಹಿಂದೆ-ಮುಂದೆ ಸರಿಸುವ ಪಝಲ್‌ಗಳಿವೆ. ಅಲ್ಲೂ ಎರಡೇ ಘನಗಳ ಸ್ಥಾನ ಬದಲಿಸಲಾಗದು. 1974ರಲ್ಲಿ ಹಂಗೇರಿಯ ಎರ್ನೊ ರೂಬಿಕ್ ರೂಪಿಸಿದ ಕ್ಯೂಬ್‌ನಲ್ಲಿ ಸರಿಸುವ ಬದಲು ತಿರುಗಿಸಬೇಕು, ಆದರೆ ಅಲ್ಲೂ ಇಂಥ ಮಿತಿಗಳಿವೆ. ಬಿಚ್ಚಿದ ಕ್ಯೂಬನ್ನು ಮನಬಂದಂತೆ ಮತ್ತೆ ಜೋಡಿಸಿದರೆ, 12 ಬಗೆಗಳಲ್ಲಿ 11 ಎಷ್ಟು ತಿರುಗಿಸಿದರೂ ಸರಿಹೋಗವು. ಕೆಳಗೆ ಬಿದ್ದು ಚೂರಾದ ಕ್ಯೂಬನ್ನು ಜೋಡಿಸಿಕೊಟ್ಟ ಮೇಲೆ ಮಗುವಿಗೆ ಬಿಡಿಸಲು ಆಗುತ್ತಿಲ್ಲವೇ? ಮಗು ದಡ್ಡ ಎನ್ನುವ ಮೊದಲು ಜೋಡಣೆಯನ್ನು ನೋಡಿ.

ಜಾಣರು ಮಾತ್ರ ಬಿಡಿಸಬಲ್ಲರು ಎಂಬ ಪಝಲ್ ಫಾರ್ವರ್ಡ್ ಬಂದಾಗಲೂ ಅಷ್ಟೇ. ಉತ್ತರ ಸಿಗದಿದ್ದರೆ ನಿಮ್ಮ ಬುದ್ಧಿಯನ್ನು ಅನುಮಾನಿಸುವ ಮೊದಲು, ಅದಕ್ಕೆ ಉತ್ತರ ಇದೆಯೇ ಎಂದು ಕೇಳಿ. ಆಮೇಲೆ ಫಾರ್ವರ್ಡ್ ಮಾಡಿ.