ತಂಬೂರಿಯ ಷಡ್ಜವನ್ನು ನೆಚ್ಚಿ ಬಾಳಿದ ಖಾನ್ ಸಾಹೇಬರು

ನ್ಯೂಯಾರ್ಕ್ ನಗರದ ಚರ್ಚ್ ಸ್ಟ್ರೀಟಿನ 275ನೆಯ ನಂಬರಿನ ಕಟ್ಟಡದಲ್ಲಿ 1993ರಲ್ಲಿ ಒಂದು ವಿಚಿತ್ರವಾದ ನಾದಮಂದಿರ ಪ್ರಾರಂಭವಾಯಿತು. ಅಲ್ಲಿ ಗಾಯಕರಿಲ್ಲ, ವಾದ್ಯಗಾರರೂ ಇಲ್ಲ. ವಿದ್ಯುದ್ಯಂತ್ರಗಳಿಂದ ಹೊರಟ ಸ್ವರಗಳು ಏರದೆ, ಇಳಿಯದೆ, ಗಂಟೆಗಟ್ಟಲೆ ಒಂದೇ ಸಮನೆ ಮೊಳಗುವಂತೆ ಏರ್ಪಡಿಸಿದ್ದರು. ಆ ಸ್ವರಗಳ ಕಂಪನಗಳಿಗೆ ಪರಸ್ಪರ ಪೂರ್ಣಸಂಖ್ಯೆಗಳ ಪ್ರಮಾಣ. ಕೇಳುವವನು ಕೊಂಚ ತಲೆ ತಿರುಗಿಸಿದರೆ ಸಾಕು, ಬೇರೊಂದು ಸ್ವರವೇ ಕಿವಿಗೆ ಎದ್ದು ಬರುತ್ತದೆ. ಇದನ್ನು ಕಟ್ಟಿದ ಲಾ ಮಾಂಟ್ ಯಂಗ್ ಮತ್ತು ಮರಿಯನ್ ಜಜೀಲಾ ದಂಪತಿಗಳು 1970ರಲ್ಲಿ ಪಂಡಿತ್ ಪ್ರಾಣನಾಥರ ಶಿಷ್ಯರಾದವರು. ಪ್ರಾಣನಾಥರ ಗುರು ಉಸ್ತಾದ್ ಅಬ್ದುಲ್ ವಹೀದ್ ಖಾನ್. ಆ ವಹೀದ್ ಖಾನರ ಬಂಧುವೂ, ಕಿರಾಣಾ ಘರಾಣೆಯ ಕೀರ್ತಿಸ್ತಂಭವೂ ಆದವರೇ ಖಾನ್ ಸಾಹೇಬ್ ಅಬ್ದುಲ್ ಕರೀಂ ಖಾನರು.

ಕಿರಾಣಾ ಎಂದೊಡನೆ ನಮ್ಮ ಮಿತ್ರರಿಗೆ ಸಂತೆಬೀದಿಯ ಅಂಗಡಿ ನೆನಪಾದೀತು! ಅದು ಉತ್ತರ ಪ್ರದೇಶದ ಕೈರಾನಾ ಎಂಬ ಊರು. ಅಲ್ಲಿ 1872ರಲ್ಲಿ, ಸಾರಂಗಿ ನುಡಿಸುವ ಮನೆತನದಲ್ಲಿ ಖಾನ್ ಸಾಹೇಬರು ಜನಿಸಿದರು. ತಂದೆ ಕಾಲೇಖಾನರಿಂದಲೇ ಮೊದಲ ಪಾಠ. ಎಳೆಯ ವಯಸ್ಸಿನಲ್ಲೇ ಬರೋಡಾ ಸಂಸ್ಥಾನದಲ್ಲಿ ಗಾಯಕರಾದರು. ಅಲ್ಲಿ ತಾರಾಬಾಯಿ ಮಾನೆ ಎಂಬ ದೊಡ್ಡ ಮನೆತನದ ಕನ್ಯೆ ಇವರಿಗೆ ಒಲಿದಳು. ಇಬ್ಬರೂ ಊರು ಬಿಡಬೇಕಾಯಿತು. ಕಡೆಗೆ ಮೀರಜಿನಲ್ಲಿ ನೆಲೆ ನಿಂತರು.

ತಂಬೂರಿಯೆಂದರೆ ನಮ್ಮ ಕ್ಯಾತನಹಳ್ಳಿಯಲ್ಲಿ ನಾನು ಕಂಡದ್ದು ಮಂಟೇಸ್ವಾಮಿಯ ನೀಲಗಾರರ ಹೆಗಲಿನದು. ಅವರು ಬಾಗಿಲಲ್ಲಿ ನಿಂತು ತಂತಿ ಮೀಟಿದರೆ, ಅಜ್ಜಿ ಮೊರದಲ್ಲಿ ರಾಗಿ ತಂದು ಜೋಳಿಗೆಗೆ ಸುರಿಯುವವರೆಗೂ ಆ ಜುಂಯ್ ಎಂಬ ನಾದ ನಡುಮನೆಯನ್ನೆಲ್ಲ ತುಂಬುತ್ತಿತ್ತು. ಹಾಡಿಗೆ ಕಿವಿಗೊಟ್ಟೆನೇ ಹೊರತು ಆ ನಾದಕ್ಕೆ ಕಿವಿಗೊಟ್ಟವನಲ್ಲ. ಖಾನ್ ಸಾಹೇಬರ ಜೀವನವನ್ನು ಓದಿದ ಮೇಲೆಯೇ ಅದು ಬರಿಯ ಹಿಮ್ಮೇಳವಲ್ಲವೆಂದು ತಿಳಿದದ್ದು.

ಸಂಗೀತದ ತಂಬೂರಿಗೆ ಸಾಮಾನ್ಯವಾಗಿ ನಾಲ್ಕು ತಂತಿ: ಪಂಚಮ ಒಂದು, ಸಾರಣಿ ಎರಡು, ಮಂದ್ರ ಷಡ್ಜ ಒಂದು. ಕುದುರೆಯ ಮೇಲೆ ತಂತಿಯ ಅಡಿಗೆ ಒಂದು ನೂಲಿನ ಎಳೆಯನ್ನು ಸರಿಸಿ ಸರಿಸಿ ನಿಲ್ಲಿಸುತ್ತಾರೆ. ಎಳೆ ತಕ್ಕ ಜಾಗದಲ್ಲಿ ಕೂತಾಗ ತಂತಿಯ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ಕಂಪನಗಳ ಸ್ವರಗಳೂ ಅರಳುತ್ತವೆ. ಯಾರೂ ಮೀಟದ ಗಾಂಧಾರ ಷಡ್ಜದ ಒಡಲಿನಿಂದಲೇ ಕೇಳಿಬರುವುದು ಹೀಗೆ. ಈ ಕುದುರೆಯ ಗುಟ್ಟನ್ನು ಸರ್ ಸಿ. ವಿ. ರಾಮನ್ನರು 1921ರಲ್ಲಿ ಒಂದು ಪ್ರಬಂಧದಲ್ಲಿ ವಿವರಿಸಿದರು. ಖಾನ್ ಸಾಹೇಬರಿಗೆ ಅದು ಕೈಬೆರಳಿಗೇ ಗೊತ್ತಿತ್ತು. ವಾದ್ಯಗಳನ್ನು ಬಿಚ್ಚಿ ರಿಪೇರಿ ಮಾಡುವುದರಲ್ಲಿಯೂ ಅವರು ನಿಪುಣರು. ಅವರು ನೆಲೆಸಿದ ಮೀರಜವೋ ತಂಬೂರಿ ಮಾಡುವವರ ಊರೇ ಆಗಿತ್ತು.

ಈಗ ಹಾರ್ಮೋನಿಯಮ್ಮಿನ ವಿಚಾರ. ಷಡ್ಜಕ್ಕೆ ಸೆಕೆಂಡಿಗೆ 240 ಕಂಪನಗಳಾದರೆ ತಂಬೂರಿಯಿಂದ ಹುಟ್ಟುವ ಗಾಂಧಾರಕ್ಕೆ 300, ಪಂಚಮಕ್ಕೆ 360. ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ ಹಾರ್ಮೋನಿಯಮ್ಮಿನಲ್ಲಿ ಗಾಂಧಾರ ಸುಮಾರು 302ಕ್ಕೆ ಏರಿ ಕೂರುತ್ತದೆ. ಎರಡು ಕಂಪನಗಳಿಗೆ ಇಷ್ಟು ರಂಪವೇ ಎಂದು ನಮ್ಮಂಥವರು ಕೇಳಬಹುದು. ಖಾನ್ ಸಾಹೇಬರ ಕಿವಿಗೆ ಅದು ಅನ್ನದಲ್ಲಿ ಸಿಕ್ಕ ಕಲ್ಲು. ಆ ಕಾಲದಲ್ಲಿ ಕೃಷ್ಣಾಜಿ ಬಲ್ಲಾಳ ದೇವಲರೂ, ನ್ಯಾಯಾಧೀಶರಾಗಿದ್ದ ಕ್ಲೆಮೆಂಟ್ಸ್ ಎಂಬ ಇಂಗ್ಲಿಷರೂ ಇಪ್ಪತ್ತೆರಡು ಶ್ರುತಿಗಳನ್ನು ಗಣಿತದಿಂದ ಗೊತ್ತುಮಾಡಲು ಹೊರಟಿದ್ದರು. ಖಾನ್ ಸಾಹೇಬರು ತಮ್ಮ ಕಂಠವನ್ನೇ ಅವರಿಗೆ ಅಳತೆಗೋಲಾಗಿ ಕೊಟ್ಟರು. ಶ್ರುತಿ ಹಾರ್ಮೋನಿಯಂ ಸಿದ್ಧವಾಯಿತು. ಆದರೆ 1916ರ ಬರೋಡಾ ಸಂಗೀತ ಪರಿಷತ್ತಿನಲ್ಲಿ ವಿದ್ವಾಂಸರು ಅದಕ್ಕೆ ತಲೆದೂಗಲಿಲ್ಲ. ಒಬ್ಬ ಉಸ್ತಾದರ ಶ್ರುತಿ ಇನ್ನೊಬ್ಬ ಉಸ್ತಾದರಿಗೆ ಒಪ್ಪಿಗೆಯಾಗಲಿಲ್ಲ. ಆ ವಾದ್ಯ ಪ್ರಚಾರಕ್ಕೆ ಬರಲೇ ಇಲ್ಲ. ಹಳೆಯ ಹಾರ್ಮೋನಿಯಮ್ಮೇ ಗೆದ್ದಿತು. ನಮ್ಮ ಭಜನೆಮನೆಯಲ್ಲಿಯೂ ಅದೇ ಇದೆ.

ಇಲ್ಲಿ ಖಾನ್ ಸಾಹೇಬರು ಸೋತರೆಂದು ಹೇಳುವುದು ಸುಲಭ. ನನಗೇನೋ ಹಾಗೆ ತೋರುವುದಿಲ್ಲ. ಪೆಟ್ಟಿಗೆಯಲ್ಲಿ ನಿಲ್ಲದ ಸ್ವರವನ್ನು ಅವರು ಕನ್ನಡನಾಡಿನ ಕಂಠಗಳಲ್ಲಿ ನಿಲ್ಲಿಸಿದರು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಅತಿಥಿಯಾಗಿ ತಂಗುತ್ತಿದ್ದ ಅವರಿಗೆ ಅದೇ ಊರಿನ ರಾಮಭಾವು ಎಂಬ ಹುಡುಗ ಶಿಷ್ಯನಾದ. ಹುಡುಗನ ಕಂಠವೋ ಸ್ವಭಾವತಃ ಒರಟು. ವರ್ಷಗಟ್ಟಲೆ ಸ್ವರಸಾಧನೆ ಮಾಡಿಸಿ ಅದನ್ನು ಪಳಗಿಸಿದರು. ಆತ ಆಮೇಲೆ ನಾಟಕ ಕಂಪನಿಗೆ ಸೇರಿದ್ದು ಗುರುಗಳಿಗೆ ಹಿಡಿಸಲಿಲ್ಲವಂತೆ. ಅವರೇ ಸವಾಯಿ ಗಂಧರ್ವರು. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಇವರ ಗುರುಗಳು. ಮೈಸೂರು ಅರಮನೆಯೂ ಖಾನ್ ಸಾಹೇಬರನ್ನು ಕರೆಸಿ ಸಂಗೀತರತ್ನ ಬಿರುದನ್ನಿತ್ತಿತು. ದಕ್ಷಿಣದ ಸಂಗೀತದ ಬಗ್ಗೆ ಅವರಿಗೆ ತಾತ್ಸಾರವಿರಲಿಲ್ಲ. ಗಂಗೂಬಾಯಿಯವರ ತಾಯಿ ಅಂಬಾಬಾಯಿಯವರ ಕರ್ನಾಟಕ ಸಂಗೀತವನ್ನು ಕೇಳಲು ತಾವೇ ಅವರ ಮನೆಗೆ ಹೋಗುತ್ತಿದ್ದರು. ತ್ಯಾಗರಾಜರ ಕೃತಿಯನ್ನು ಕಲಿತು ಗ್ರಾಮಫೋನಿಗೂ ಹಾಡಿದರು.

1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿ, ಬಡ ಹುಡುಗರಿಗೆ ಊಟ ವಸತಿ ಕೊಟ್ಟು ಕಲಿಸಿದರು. ಕಚೇರಿಯಿಂದ ಬಂದ ಹಣ ಅದಕ್ಕೇ ಕರಗುತ್ತಿತ್ತು. ಊರವರ ಮಕ್ಕಳನ್ನೆಲ್ಲ ಸಾಕಿದ ಈ ಮನೆ ಮುಂದೆ ಒಡೆಯಿತು. ತಾರಾಬಾಯಿ ಮಕ್ಕಳನ್ನು ಕರೆದುಕೊಂಡು ಹೊರಟುಹೋದರು. ಆ ಮಕ್ಕಳಲ್ಲಿ ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ್, ಸರಸ್ವತಿ ರಾಣೆ ಪ್ರಸಿದ್ಧ ಗಾಯಕರಾದರು; ತಂದೆಯ ಹೆಸರನ್ನು ಮಾತ್ರ ಇಟ್ಟುಕೊಳ್ಳಲಿಲ್ಲ. ಖಾನ್ ಸಾಹೇಬರ ಕಂಠದಲ್ಲಿನ ಕರುಣರಸಕ್ಕೆ ಈ ದುಃಖವೇ ಕಾರಣವೆಂದು ಹೇಳುವವರುಂಟು. 1905ರ ಹೊತ್ತಿಗೇ, ಅಂದರೆ ಮನೆ ಒಡೆಯುವ ಎಷ್ಟೋ ಮುಂಚೆ, ಅವರ ಹಾಡುಗಳು ರೆಕಾರ್ಡಾಗಿದ್ದವು. ಎರಡನ್ನೂ ಕೇಳಿ ಹೋಲಿಸಬಲ್ಲವರು ತೀರ್ಮಾನಿಸಲಿ.

1937ರ ಅಕ್ಟೋಬರಿನಲ್ಲಿ ಅವರು ಮದರಾಸಿನಿಂದ ಪಾಂಡಿಚೇರಿಗೆ ರೈಲಿನಲ್ಲಿ ಹೊರಟಿದ್ದರು. ದಾರಿಯಲ್ಲಿ ಎದೆನೋವು ಕಾಣಿಸಿಕೊಂಡಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿದರು. ಪ್ಲಾಟ್‌ಫಾರಂ ಮೇಲೆ ಹಾಸಿಗೆ ಬಿಚ್ಚಿ ಹಾಸಿದರು. ಖಾನ್ ಸಾಹೇಬರು ಎದ್ದು ಕುಳಿತು ತಂಬೂರಿಯನ್ನು ಶ್ರುತಿಮಾಡಿಸಿದರು. ದರ್ಬಾರಿ ರಾಗದಲ್ಲಿ ದೇವರ ಪ್ರಾರ್ಥನೆಯನ್ನು ಹಾಡಿದರು. ಹಾಡು ಮುಗಿಸಿ ಮಲಗಿದವರು ಮತ್ತೆ ಏಳಲಿಲ್ಲ. ಅಂದು 27ನೆಯ ತಾರೀಖು. ದೇಹವನ್ನು ಮೀರಜಿಗೆ ತಂದು ಮೀರಾಸಾಹೇಬರ ದರ್ಗಾದ ಆವರಣದಲ್ಲಿ ಮಣ್ಣುಮಾಡಿದರು.