ಹೈನ್ರಿಕ್ ಹರ್ಟ್ಸ್ ಮತ್ತು ವಿದ್ಯುತ್ಕಾಂತೀಯ ತರಂಗಗಳು

ಹೈನ್ರಿಕ್ ಹರ್ಟ್ಸ್ 1857ರ ಫೆಬ್ರವರಿ 22ರಂದು ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ನ್ಯಾಯವಾದಿಯೊಬ್ಬನ ಮಗನಾಗಿ ಜನಿಸಿದನು. ಅರಬ್ಬೀ ಭಾಷೆಯನ್ನು ಕಲಿಯುವಷ್ಟು ವಿದ್ಯಾಸಕ್ತಿ, ಲೇತಿನ ಮೇಲೆ ಉಪಕರಣಗಳನ್ನು ತಾನೇ ಕಡೆದುಕೊಳ್ಳುವಷ್ಟು ಹಸ್ತಕೌಶಲ ಎರಡೂ ಅವನಲ್ಲಿ ಬಾಲ್ಯದಿಂದಲೇ ಕೂಡಿದ್ದವು. ಎಂಜಿನಿಯರಿಂಗ್ ವ್ಯಾಸಂಗವನ್ನು ನಡುವೆಯೇ ಬಿಟ್ಟು ಭೌತಶಾಸ್ತ್ರಕ್ಕೆ ಒಲಿದ ಅವನು ಬರ್ಲಿನ್ನಿನಲ್ಲಿ ಹೆಲ್ಮ್‌ಹೋಲ್ಟ್ಸನ ಶಿಷ್ಯನಾಗಿ 1880ರಲ್ಲಿ ಡಾಕ್ಟರೇಟ್ ಪಡೆದನು.

ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ಲನು 1865ರಲ್ಲಿ ಒಂದು ಸಿದ್ಧಾಂತವನ್ನು ಪ್ರಕಟಿಸಿದ್ದನು. ವಿದ್ಯುತ್ ಮತ್ತು ಕಾಂತ ಪ್ರಭಾವಗಳು ತರಂಗರೂಪದಲ್ಲಿ ಆಕಾಶದಲ್ಲಿ ಹರಡುತ್ತವೆ, ಅವುಗಳ ವೇಗ ಬೆಳಕಿನ ವೇಗವೇ, ಬೆಳಕೂ ಅಂತಹ ತರಂಗವೇ ಎಂಬುದು ಅದರ ಸಾರ. ಗಣಿತ ಸೊಗಸಾಗಿತ್ತು, ಕಣ್ಣಿಗೆ ಕಾಣುವ ಪ್ರಮಾಣವಿರಲಿಲ್ಲ. 1879ರಲ್ಲಿ ಮ್ಯಾಕ್ಸ್‌ವೆಲ್ ತೀರಿಕೊಂಡನು. ಆ ವರ್ಷವೇ ಹೆಲ್ಮ್‌ಹೋಲ್ಟ್ಸನು ಸಿದ್ಧಾಂತದ ಪರೀಕ್ಷೆಗೆ ಸಂಬಂಧಿಸಿದ ಸಮಸ್ಯೆಯೊಂದನ್ನು ಶಿಷ್ಯನ ಮುಂದಿಟ್ಟನು. ಆಗ ದೊರೆಯುತ್ತಿದ್ದ ಸಾಧನಗಳಿಂದ ಪರಿಣಾಮ ಅಳತೆಗೆ ಸಿಕ್ಕದೆಂದು ಲೆಕ್ಕಹಾಕಿದ ಹರ್ಟ್ಸ್ ಅದನ್ನು ಕೈಬಿಟ್ಟನು, ಮನಸ್ಸಿನಿಂದ ಬಿಡಲಿಲ್ಲ.

1885ರಲ್ಲಿ ಅವನು ಕಾರ್ಲ್ಸ್‌ರೂಹೆ ತಾಂತ್ರಿಕ ವಿದ್ಯಾಲಯದ ಪ್ರಾಧ್ಯಾಪಕನಾದನು. ಮರುವರ್ಷ ಸುರುಳಿಗಳ ಪ್ರಯೋಗವೊಂದನ್ನು ತೋರಿಸುತ್ತಿರುವಾಗ, ಒಂದು ಸುರುಳಿಯಲ್ಲಿ ಕಿಡಿ ಹಾರಿದೊಡನೆ ಇನ್ನೊಂದರಲ್ಲಿಯೂ ಕಿಡಿ ಹಾರುವುದು ಅವನ ಗಮನ ಸೆಳೆಯಿತು. ಹಲವರು ನೋಡಿಯೂ ಬಿಟ್ಟಿರಬಹುದಾದ ಸಂಗತಿಯದು. ಹರ್ಟ್ಸ್ ಪ್ರೇರಣ ಸುರುಳಿಗೆ ಲೋಹದ ದಂಡಗಳನ್ನು ಜೋಡಿಸಿ, ನಡುವಿನ ಕಿರಿದಾದ ಅಂತರದಲ್ಲಿ ಕಿಡಿ ಹಾರಿಸಿದನು. ದೂರದಲ್ಲಿ ತಂತಿಯ ಬಳೆಯೊಂದನ್ನಿಟ್ಟನು. ಬಳೆಯ ಸೀಳಿನಲ್ಲಿ ಅತಿ ಸೂಕ್ಷ್ಮವಾದ ಕಿಡಿ ಮಿನುಗಿತು. ಅದನ್ನು ಕಾಣಲು ಕತ್ತಲ ಕೋಣೆಯಲ್ಲಿ ಕಣ್ಣು ಪಳಗಬೇಕಾಗಿತ್ತು.

1888ರಲ್ಲಿ ಉಪನ್ಯಾಸ ಮಂದಿರದ ಗೋಡೆಗೆ ಸತುವಿನ ದೊಡ್ಡ ತಗಡನ್ನು ನಿಲ್ಲಿಸಿ, ಹೋಗುವ ತರಂಗವೂ ಮರಳುವ ತರಂಗವೂ ಕೂಡಿ ಸ್ಥಾಯೀ ತರಂಗವಾಗುವಂತೆ ಮಾಡಿದನು. ಬಳೆಯನ್ನು ಸರಿಸುತ್ತ ಹೋದಂತೆ ಕಿಡಿ ಒಂದೆಡೆ ಪ್ರಬಲವಾಗಿ, ಇನ್ನೊಂದೆಡೆ ನಂದುತ್ತಿತ್ತು. ನಂದುವ ಎರಡು ಅನುಕ್ರಮ ಬಿಂದುಗಳ ಅಂತರವೇ ಅರ್ಧ ತರಂಗಾಂತರ. ತರಂಗಾಂತರವನ್ನು ಆವೃತ್ತಿಯಿಂದ ಗುಣಿಸಿದರೆ ವೇಗ ಬರುತ್ತದೆ. ಆದರೆ ಸೆಕೆಂಡಿಗೆ ಕೋಟಿಗಟ್ಟಲೆಯಾದ ಆ ಆವೃತ್ತಿಯನ್ನು ಎಣಿಸುವ ಯಂತ್ರವಿರಲಿಲ್ಲ; ಉಪಕರಣದ ಆಕಾರ ಅಳತೆಗಳಿಂದ ಲೆಕ್ಕಹಾಕಿಯೇ ತಿಳಿಯಬೇಕಿತ್ತು.

ಇಲ್ಲಿಯೇ ತೊಡಕು ಹುಟ್ಟಿತು. ತಂತಿಯಲ್ಲಿ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು, ಗಾಳಿಯಲ್ಲಿ 3 ಲಕ್ಷಕ್ಕೂ ತುಸು ಮಿಗಿಲು ಎಂದು ಬಂದಿತು. ಮ್ಯಾಕ್ಸ್‌ವೆಲ್ಲನ ಪ್ರಕಾರ ಎರಡೂ ಒಂದೇ ಆಗಿರಬೇಕು. ತನ್ನ ವಾದಕ್ಕೆ ತೊಡಕಾದ ಈ ಅಂಕಿಗಳನ್ನು ಹರ್ಟ್ಸ್ ಮುಚ್ಚಿಡದೆ ಪ್ರಕಟಿಸಿದನು. ಲೆಕ್ಕದಲ್ಲಿ ದೋಷವಿದೆಯೆಂದು ಫ್ರಾನ್ಸಿನ ಪ್ವಾಂಕಾರೆ ತೋರಿಸಿದಾಗ, 1892ರ ತನ್ನ ಗ್ರಂಥದಲ್ಲಿ ಅದನ್ನು ಒಪ್ಪಿಕೊಂಡನು. 1893ರಲ್ಲಿ ಜಿನೀವಾದ ಸಾರಾಸೆನ್ ಮತ್ತು ಡ ಲ ರೀವ್ ಎಂಬುವರು ಇನ್ನೂ ವಿಶಾಲವಾದ ಮಂದಿರದಲ್ಲಿ ಪ್ರಯೋಗ ಮಾಡಿ, ಎರಡೂ ವೇಗಗಳು ಸಮಾನವೆಂದು ಕಂಡರು. ಕಾರ್ಲ್ಸ್‌ರೂಹೆಯ ಕೋಣೆ ಅಷ್ಟು ಉದ್ದದ ತರಂಗಗಳಿಗೆ ಇಕ್ಕಟ್ಟಾಗಿತ್ತು.

ಅಷ್ಟರೊಳಗೆ ಹರ್ಟ್ಸ್ ಸುಮಾರು 66 ಸೆಂಟಿಮೀಟರ್ ಉದ್ದದ ಚಿಕ್ಕ ತರಂಗಗಳನ್ನು ಹುಟ್ಟಿಸಿ, ಬೆಳಕಿನ ಗುಣಗಳನ್ನೆಲ್ಲ ಅವುಗಳಲ್ಲಿ ತೋರಿಸಿದ್ದನು. ಬಾಗಿದ ಸತುವಿನ ದರ್ಪಣಗಳಿಂದ ಅವು ಪ್ರತಿಫಲಿಸಿದವು. ಗಟ್ಟಿ ಡಾಂಬರಿನ ಭಾರಿ ಪಟ್ಟಕದಲ್ಲಿ ವಕ್ರೀಭವನಗೊಂಡವು. ಸಾಲಾಗಿ ತಂತಿ ಬಿಗಿದ ಚೌಕಟ್ಟನ್ನು ಒಂದು ದಿಕ್ಕಿನಲ್ಲಿ ಹಿಡಿದರೆ ತಡೆದು ನಿಂತವು, ಅಡ್ಡ ತಿರುಗಿಸಿದರೆ ದಾಟಿಹೋದವು. ಇದರಿಂದ ಅವು ಅಡ್ಡ ತರಂಗಗಳೆಂಬುದು ಸಿದ್ಧವಾಯಿತು. ವೇಗದ ಅಂಕಿಗಿಂತಲೂ ವಿದ್ವಾಂಸರನ್ನು ಒಪ್ಪಿಸಿದ್ದು ಬಹುಶಃ ಈ ಸಾಮ್ಯವೇ.

1889ರಲ್ಲಿ ಬಾನ್ ವಿಶ್ವವಿದ್ಯಾನಿಲಯಕ್ಕೆ ತೆರಳಿದ ಅವನನ್ನು 1892ರಿಂದ ವ್ಯಾಧಿ ಕಾಡಿತು. ಹಲವು ಶಸ್ತ್ರಚಿಕಿತ್ಸೆಗಳಾದರೂ ಗುಣ ಕಾಣಲಿಲ್ಲ. ಪತ್ನಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಅಗಲಿ 1894ರ ಜನವರಿ 1ರಂದು, 36ನೆಯ ವಯಸ್ಸಿನಲ್ಲಿಯೇ ನಿಧನನಾದನು. ಆ ವರ್ಷವೇ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಅದೇ ಬಗೆಯ ತರಂಗಗಳನ್ನು ಕೆಲವೇ ಮಿಲಿಮೀಟರುಗಳಿಗೆ ಇಳಿಸುವ ಪ್ರಯೋಗಗಳಿಗೆ ಕೈಹಾಕಿದರು.